ಒಂದಕ್ಷರದ ಜಾಗ

ನಮ್ಮ ಬಣ್ಣದ ಶೆಡ್ಡಿನಿಂದ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಹನಿ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತೀರೋ, ಇಲ್ಲಾ ಅಕ್ಕನ ಮೇಲೆ ರೇಗುತ್ತೀರೋ? ಆಪರೇಷನ್ ಚೆನ್ನಾಗಿ ಆಗಿದೆ, ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿ ತಿಂಗಳಾಯಿತಂತೆ. ಆದರೂ "ಇನ್ನು ಬ್ರಷ್ ಮುಟ್ಟಲ್ಲ" ಎಂದು ಅಕ್ಕನ ಮನೆಯಲ್ಲೇ ಕೂತಿದ್ದೀರಂತೆ. ನಿಮಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಇಲ್ಲಿ ನನ್ನ ತಲೆ ಚಿಟ್ಟು ಹಿಡಿದಿದೆ. ಶಾಲೆಯ ಎದುರು ಕಾಗದ, ಪೆನ್ನು ಮಾರುವ ನಿಮ್ಮ ಸ್ನೇಹಿತರು ಗೊಣಗಣ್ಣ ಇದ್ದಾರಲ್ಲ, ಅವರ ಬೋರ್ಡಿಗೆ ಹೊಸ ಬಣ್ಣ ಬೇಕಂತೆ. ಇಪ್ಪತ್ತು ವರ್ಷದ ಹಿಂದೆ ನೀವೇ ಇಂಗ್ಲಿಷಿನಲ್ಲಿ ಬರೆದ ಬೋರ್ಡು. ನೀವು ಕಲಿಸಿದಂತೆ ಕಾಗದ ಅಂಟಿಸಿ ಹಳೆಯ ಅಕ್ಷರಗಳ ಅಚ್ಚು ತೆಗೆಯುತ್ತಿದ್ದೆ. ಅಷ್ಟರಲ್ಲಿ ಶಾಲೆಗೆ ಹೊಸದಾಗಿ ಬಂದ ಇಂಗ್ಲಿಷ್ ಮೇಡಂ ಮಕ್ಕಳ ಸಾಲನ್ನೇ ನಿಲ್ಲಿಸಿ ಪಾಠ ಶುರು ಮಾಡಿದರು. ಕಾಗದ, ಪೆನ್ನಿನ ಸ್ಟೇಷನರಿಗೆ ಇಂಗ್ಲಿಷಿನ 'ಇ' (E) ಬರಬೇಕಂತೆ. ನೀವು ಬರೆದಿರುವುದು 'ಎ' (A). ಹಾಗೆ ಬರೆದರೆ ಅಲುಗಾಡದೆ ನಿಂತಿರುವುದು ಎಂದರ್ಥವಂತೆ. ಮಕ್ಕಳು ಕಿಸಿಕಿಸಿ ನಕ್ಕವು. ಗೊಣಗಣ್ಣ ಒಳಗಿನಿಂದಲೇ, "ಅಂಗಡಿ ನಿಂತಲ್ಲೇ ನಿಲ್ದೆ, ನಾನದನ್ನ ತಲೆ ಮೇಲೆ ಹೊತ್ಕೊಂಡು ಓಡಾಡ್ಬೇಕೇನಮ್ಮಾ?" ಎಂದು ಕೂಗಿದರು.

ತಿದ್ದುತ್ತೇನೆ ಎಂದರೆ ಅವರು ಒಪ್ಪಲೇ ಇಲ್ಲ. "ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ನಿಮ್ಮಪ್ಪನಿಗೆ ಇಂಗ್ಲಿಷ್ ಕಲಿಸ್ತೀಯೇನೋ?" ಶಾಲೆ ಬಿಟ್ಟದ್ದು ನಿಜ. ಆದರೆ ತಪ್ಪೆಂದು ಗೊತ್ತಾದ ಮೇಲೂ ಅದನ್ನೇ ಥಳಥಳ ಹೊಳೆಯುವಂತೆ ಬರೆಯಲು ನನ್ನ ಕೈ ಏಳುವುದಿಲ್ಲ. ಮೂರು ದಿನ ಜಗಳವಾಡಿ ಗೆದ್ದು, ಬೋರ್ಡನ್ನು ಕಳಚಿ ಶೆಡ್ಡಿಗೆ ತಂದೆ. ಆಮೇಲೆ ಶುರುವಾಯಿತು ನೋಡಿ ಪೀಕಲಾಟ. ಅಚ್ಚು ತೆಗೆದು ಬರೆದ ಬೋರ್ಡಿನಲ್ಲಿ ಮೊದಲು ಬರೆದವರ ಗುರುತೇ ಉಳಿಯಬೇಕು ಎಂಬುದು ನಿಮ್ಮದೇ ನಿಯಮ. 'ಇ' ಬರೆದು ಮೂಲೆಯಲ್ಲಿರುವ ನಿಮ್ಮ ಗುರುತಾದ ಪುಟ್ಟ ಗುಬ್ಬಿಯನ್ನು ಹಾಗೇ ಬಿಟ್ಟರೆ, ನೀವು ಮೊದಲೇ ಸರಿಯಾಗಿ ಬರೆದಿದ್ದಿರಿ ಎಂಬ ಸುಳ್ಳಾಗುತ್ತದೆ. ಗುಬ್ಬಿ ಅಳಿಸಿ ನನ್ನ ಗುರುತು ಹಾಕಿದರೆ, ಆ ಅಕ್ಷರಗಳ ಚಂದವೆಲ್ಲ ನನ್ನದು ಎಂಬ ಇನ್ನೂ ದೊಡ್ಡ ಸುಳ್ಳು. ನೀವು ಆರಾಮವಾಗಿ ಅಲ್ಲಿ ಕೂತಿರಿ, ನಾನಿಲ್ಲಿ ತಲೆ ಚಚ್ಚಿಕೊಳ್ಳುತ್ತೇನೆ!

ಅಕ್ಕನನ್ನೂ ಭಾವನನ್ನೂ ಕೇಳಿದೆನೆಂದು ಹೇಳಿ. ಅವರ ಗೋಡೆಯ ಬಣ್ಣಕ್ಕೆ ತಕರಾರು ತೆಗೆಯಬೇಡಿ.

ನಿಮ್ಮ ಮೊಂಡ

ಹೇಳಲು ಮರೆತೆ: ಬೋರ್ಡು ಮುಗಿದಿದೆ, ಆ ಒಂದು ಅಕ್ಷರ ಬಿಟ್ಟು. ಹಲ್ಲು ಬಿದ್ದ ಬಾಯಿಯಂತಿದೆ ಎಂದು ಗೊಣಗಣ್ಣ ದಿನಾ ಬಂದು ಬೈಯುತ್ತಾರೆ. ನಿಮ್ಮ ಸ್ಟೂಲಿನ ಎತ್ತರಕ್ಕೇ ನಿಲ್ಲಿಸಿದ್ದೇನೆ. ಆ 'ಇ' ನೀವೇ ಬರೆದರೆ ಗುಬ್ಬಿಯೂ ಸುಳ್ಳು ಹೇಳಿದಂತಾಗುವುದಿಲ್ಲ. ಶುಕ್ರವಾರ ಬೆಳಗಿನ ಬಸ್ಸಿಗೆ ಬನ್ನಿ, ಬಣ್ಣ ಕಲಸಿಟ್ಟಿರುತ್ತೇನೆ.