ಸೀಟಿನ ಮೇಲಿನ ಪ್ಲಾಸ್ಟಿಕ್

ವಾಗದರಿ
೧೮ ಆಗಸ್ಟ್ ೨೦೨೪

ಸೌ. ಚಂದ್ರಭಾಗಾಳಿಗೆ ನಿನ್ನ ಶಿವಶರಣನ ಆಶೀರ್ವಾದಗಳು.

ನೀನು ಕುರನೂರಿನ ತವರಿಗೆ ಹೋಗಿ ಮೂರು ವಾರವಾಯಿತು. ಇಷ್ಟು ದಿನ ಬರೆಯದ್ದಕ್ಕೆ ಕ್ಷಮಿಸು. ಫೋನಿನಲ್ಲೇ ಮುಗಿದೀತು ಎಂದುಕೊಂಡಿದ್ದೆ. ಯಾವಾಗ ಮಾಡಿದರೂ ನಿನ್ನ ತಮ್ಮ ಗುರುಸಿದ್ಧನೇ ಎತ್ತುತ್ತಾನೆ, ಅಕ್ಕ ಮಲಗಿದ್ದಾಳೆ ಅನ್ನುತ್ತಾನೆ. ಬೆಳಿಗ್ಗೆ ಹತ್ತಕ್ಕೂ ಮಲಗಿರುತ್ತೀಯಾ? ಕೈಯ ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರೆ ಎಂದಾದರೂ ಹೇಳಿಸಬಾರದೇ?

ಇಲ್ಲಿ ನಾನು ತಲೆ ಎತ್ತಿ ತಿರುಗುವ ಹಾಗಿಲ್ಲ. ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ ಜಡತ್ವಕ್ಕೆ ಉದಾಹರಣೆ ಕೇಳಿದ್ದೆ. ಹನ್ನೊಂದು ಮಕ್ಕಳು ನೀನು ನಮ್ಮ ಸ್ಕೂಟರಿನಿಂದ ಬಿದ್ದದ್ದನ್ನೇ ಬರೆದಿದ್ದಾರೆ. ಸರ್ ಗಾಡಿ ಜೋರು ಮಾಡಿದರು, ಹಿಂದೆ ಕೂತಿದ್ದ ಅವರ ಮನೆಯ ಬಾಯಿಯವರು ಇದ್ದಲ್ಲೇ ಉಳಿದರು ಅಂತ. ಉತ್ತರ ಸರಿಯಾಗಿದೆ, ಪೂರ್ತಿ ಅಂಕ ಕೊಡಲೇಬೇಕಾಯಿತು. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ನ್ಯೂಟನ್ನನ ಮೊದಲ ನಿಯಮ ಬಿಡಿಸಿ ಹೇಳುತ್ತ ನಿಂತದ್ದು ನನ್ನ ತಪ್ಪೇ. ಹಂಪ್ ದಾಟಿ ಗಾಡಿ ಜೋರು ಮಾಡುವಾಗ ಹಿಂದೆ ಕೂತವರನ್ನು ಜೊತೆಗೆ ಒಯ್ಯುವುದು ಸೀಟಿನ ಘರ್ಷಣೆ. ಅದು ಸಾಲದಾದರೆ ಗಾಡಿಯಷ್ಟೇ ಮುಂದೆ ಹೋಗುತ್ತದೆ ಎಂದೆಲ್ಲ ಹೇಳಿದೆ. ನೀನು ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡು ಒಂದೇ ಮಾತು ಅಂದೆ: "ಆ ಪ್ಲಾಸ್ಟಿಕ್ ತಗೀರಿ ಅಂತ ಎಷ್ಟ್ ಸಲ ಹೇಳೀನ್ರಿ?"

ಹತ್ತು ಸಲವಾದರೂ ಹೇಳಿದ್ದೆ ನೀನು. ಹೊಸ ಸ್ಕೂಟರಿನ ಸೀಟು ಕೊಳೆಯಾಗಬಾರದೆಂದು ಆ ಜಾರುವ ಹಾಳೆಯನ್ನು ಆರು ತಿಂಗಳು ಕಾಪಾಡಿಕೊಂಡು ಬಂದವನು ನಾನು, ಇಪ್ಪತ್ತೆರಡು ವರ್ಷದಿಂದ ಘರ್ಷಣೆಯ ಪಾಠ ಮಾಡುವವನು. ಮೊನ್ನೆ ಅದನ್ನು ಕಿತ್ತೆಸೆದೆ. ಕಿತ್ತ ರಭಸಕ್ಕೆ ಸೀಟೂ ಹರಿಯಿತು. ನಿನ್ನೆ ಸೊಲ್ಲಾಪುರಕ್ಕೆ ಹೋಗಿ ನವಿ ಪೇಠೆಯಲ್ಲಿ ಒರಟು ಬಟ್ಟೆಯ ಕವರು ಹೊಲಿಸಿ ತಂದೆ.

ಬರುವ ರವಿವಾರ ಕರೆಯಲು ಬರುತ್ತೇನೆ. ಬರುವುದಿಲ್ಲ ಎನ್ನುವುದಾದರೆ ನೀನೇ ಹೇಳು, ಗುರುಸಿದ್ಧನಿಂದ ಹೇಳಿಸಬೇಡ. ಮೈಲಾರಲಿಂಗ ನಿನ್ನ ಕೈ ಬೇಗ ಕೂಡಿಸಲಿ.

ನಿನ್ನ
ಶಿವಶರಣ

ತಾ.ಕ.: ನೀನು ಚೀರಿದ್ದು ಕೇಳಿದೊಡನೆ ಗಾಡಿ ತಿರುಗಿಸಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನೀನು ಚೀರಲೇ ಇಲ್ಲ, ಅದು ನಿನಗೂ ಗೊತ್ತು. ಹೆಡ್‌ಮಾಸ್ತರರ ಮೇಲಿನ ದೂರನ್ನು ನಿನಗೆ ಹೇಳುತ್ತಲೇ ನಾನು ಒಂದು ಕಿಲೋಮೀಟರು ಹೋಗಿದ್ದೆ. ಹಾಲಿನ ಬಸಯ್ಯ ಬೆನ್ನಟ್ಟಿ ಬಂದು, "ಸರ, ಬಾಯಾರು ಹಿಂದ ಬಿದ್ದಾರ್ರಿ" ಅಂದಾಗಲೇ ತಿರುಗಿ ನೋಡಿದ್ದು. ಅಷ್ಟು ದೂರವೂ ನೀನು ಒಮ್ಮೆಯಾದರೂ ಹೂಂ ಅನ್ನಲಿಲ್ಲವೆಂಬುದು ನನ್ನ ಗಮನಕ್ಕೇ ಬರಲಿಲ್ಲ. ಹಿಂದೆ ಕೂತಿದ್ದಾಗಲೂ ನೀನು ಹೂಂ ಅನ್ನುವುದನ್ನು ಬಿಟ್ಟು ಎಷ್ಟು ವರ್ಷವಾಯಿತು, ಚಂದ್ರಭಾಗಾ?