ನೆಂಟರ ಮೇಜು

ತಾರೀಕು ೩, ಭಾನುವಾರ ಬೆಳಗ್ಗೆ

ಪ್ರೀತಿಯ ಗುಬ್ಬಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ನಾನೂ ನಿಮ್ಮಮ್ಮನೂ ಚೆನ್ನಾಗಿದ್ದೇವೆ. ನನ್ನ ಎಡಮಂಡಿಯೊಂದು ಮುನಿಸಿಕೊಂಡು ಕೂತಿದೆ. ಮೂವತ್ತೆರಡು ವರ್ಷ ನಿಲ್ಲಿಸಿದ್ದಕ್ಕೆ ಈಗ ಸೇಡು ತೀರಿಸಿಕೊಳ್ಳುತ್ತಿದೆ. ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಇಷ್ಟು ತಡ ಮಾಡಿದ್ದನ್ನು ಹೊಟ್ಟೆಗೆ ಹಾಕಿಕೋ. ಬರೆಯಲು ಕೂತಾಗಲೆಲ್ಲ ಪೆನ್ನು ಸರಿಯಿಲ್ಲ, ಕನ್ನಡಕ ಸರಿಯಿಲ್ಲ, ಬೆಳಕು ಸಾಲದು ಎಂದು ಏಳುತ್ತಿದ್ದೆ. ಇವತ್ತು ನಿಮ್ಮಮ್ಮ ಹೊಸ ಪೆನ್ನು ತಂದಿಟ್ಟು, ಕನ್ನಡಕ ಒರೆಸಿಕೊಟ್ಟು, ಕಿಟಕಿಯ ಪರದೆಯನ್ನೂ ಸರಿಸಿ ಹೋಗಿದ್ದಾಳೆ. ಇನ್ನು ತಪ್ಪಿಸಿಕೊಳ್ಳಲು ನೆಪವೇ ಉಳಿದಿಲ್ಲ.

ಹನ್ನೊಂದು ವರ್ಷದಲ್ಲಿ ನೀನು ನನ್ನ ಹೆಸರಿಗೆ ಬರೆದ ಮೊದಲ ಕಾಗದ ಅದು. ಫೋನು ಮಾಡುತ್ತೀಯ, ನಾನು ಎತ್ತಿದರೆ "ಅಮ್ಮಂಗೆ ಕೊಡಿ" ಅನ್ನುತ್ತೀಯ, ನಾನೂ ಕೊಟ್ಟುಬಿಡುತ್ತೇನೆ. ವರ್ಷಕ್ಕೊಮ್ಮೆ ಬರುತ್ತೀಯ, ಬಸ್ಸು ಸಿಕ್ಕಿತೇ, ಮಂಡಿ ಹೇಗಿದೆ, ಅಷ್ಟು ಮಾತಾಡಿ ಹೋಗುತ್ತೀಯ. ಹಾಗಾಗಿ ಲಕೋಟೆಯ ಮೇಲೆ ನನ್ನ ಹೆಸರು ಕಂಡು, ಅಂಚೆಯವನನ್ನೇ "ಸರಿಯಾಗಿ ನೋಡಿದ್ಯೇನಪ್ಪಾ?" ಎಂದು ಕೇಳಿದೆ.

ನೀನು ನಿನ್ನ ಕಚೇರಿಯವರನ್ನು ಕರೆದುಕೊಂಡು ನಾನು ಸಪ್ಲೈಯರಾಗಿದ್ದ ಹೋಟೆಲ್ಲಿಗೆ ಬಂದ ಆ ಮಧ್ಯಾಹ್ನದಿಂದ ನಮ್ಮಿಬ್ಬರ ಮಾತು ನಿಂತದ್ದು. ಅಪ್ಪ ತಟ್ಟೆ ತಂದಿಡುತ್ತಿದ್ದರೂ ಗುರುತೇ ಇಲ್ಲದವಳ ಹಾಗೆ ಊಟ ಮಾಡಿ ಎದ್ದು ಹೋದಳು ಎಂದು ನಿಮ್ಮಮ್ಮ ಇಂದಿಗೂ ಹೇಳುತ್ತಾಳೆ. ಆಗಿದ್ದು ಆಗಿಹೋಯಿತು. ಅದನ್ನು ಇಲ್ಲಿ ಕೆದಕುವುದಿಲ್ಲ.

ಎಂಟು ಮೇಜಿನ ಹೋಟೆಲ್ಲು! ವಿಮಾ ಕಚೇರಿಯ ಭದ್ರವಾದ ಕೆಲಸ ಬಿಟ್ಟು! ನಿನ್ನ ಗೆಳತಿ ಒಳಗೆ ಒಲೆಯ ಮುಂದೆ, ನೀನು ಹೊರಗೆ ಜನರ ಮುಂದೆ. ಹದಿನಾರನೇ ತಾರೀಕು ಶನಿವಾರ ಬಾಗಿಲು ತೆರೆಯುತ್ತೀರಿ, ನಾವಿಬ್ಬರೂ ಬರಲೇಬೇಕು ಎಂದು ಬರೆದಿದ್ದೀಯ. ಕೊನೆಯಲ್ಲಿ ಒಂದು ಪ್ರಶ್ನೆಯನ್ನೂ ಹಾಕಿದ್ದೀಯ. ಕೆಲಸದವರಿಗೆಲ್ಲ ಒಳ್ಳೆಯ ಸಂಬಳ ಕೊಡುವುದರಿಂದ 'ಟಿಪ್ಸ್ ಕೊಡಬೇಡಿ' ಎಂದು ಬೋರ್ಡು ಹಾಕಬೇಕೆಂದಿದ್ದೀಯ. ಅಷ್ಟಕ್ಕೂ ಜನ ಟಿಪ್ಸ್ ಯಾಕೆ ಕೊಡುತ್ತಾರೆ, ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಕೇಳಿದ್ದೀಯ.

ನಿಜ ಹೇಳುತ್ತೇನೆ, ಆ ಸಾಲು ಓದಿದಾಗ ಮೊದಲು ಮೈಯೆಲ್ಲ ಉರಿಯಿತು. ಚುಚ್ಚಲೆಂದೇ ಬರೆದಿದ್ದೀಯ ಅಂದುಕೊಂಡೆ. ನಿಮ್ಮಮ್ಮ ಕಾಗದ ಕಿತ್ತುಕೊಂಡು ಓದಿ, "ಮಗಳು ಕೇಳಿದಾಳೆ, ಗೊತ್ತಿದ್ರೆ ಹೇಳಿ. ಇದ್ರಲ್ಲೂ ಮುಳ್ಳು ಹುಡುಕ್ತಾ ಕೂರ್ಬೇಡಿ" ಅಂದಳು. ಹುಡುಕಿದೆ. ನಾಲ್ಕು ಸಲ ಓದಿದೆ. ಸಿಗಲಿಲ್ಲ.

ಸರಿ, ಕೇಳು. ನಾನು ಹೊಸದಾಗಿ ಸೇರಿದಾಗ ಟಿಪ್ಸ್ ಎಂದರೆ ಚುರುಕಿಗೆ ಕೊಡುವ ಕೂಲಿ ಎಂದುಕೊಂಡಿದ್ದೆ. ಬೇಗ ತಂದರೆ ಹೆಚ್ಚು, ತಡವಾದರೆ ಕಡಿಮೆ. ಆರು ತಿಂಗಳು ಓಡಿ ಓಡಿ ಎರಡು ಜೊತೆ ಚಪ್ಪಲಿ ಸವೆಸಿದೆ, ಲೆಕ್ಕ ಮಾತ್ರ ಹೊಂದಲೇ ಇಲ್ಲ. ಕಂಬದ ಪಕ್ಕ ಕೂರುತ್ತಿದ್ದ ವಕೀಲರು ಒಬ್ಬರೇ ಬಂದರೆ ಕೊನೆಯ ಚಿಲ್ಲರೆಯನ್ನೂ ಉಗುರಿನಿಂದ ಕೆರೆದು ಎತ್ತಿಕೊಳ್ಳುತ್ತಿದ್ದರು. ಎದುರಿಗೆ ಕಕ್ಷಿದಾರ ಇದ್ದರೆ ನೋಟನ್ನು ಪೂರ್ತಿ ಬಿಡಿಸಿ, ಕಾಣುವ ಹಾಗೆ ಇಡುತ್ತಿದ್ದರು. ಅದು ನನಗೆ ಕೊಟ್ಟದ್ದಲ್ಲ, ಕಕ್ಷಿದಾರನಿಗೆ ತೋರಿಸಿದ್ದು. ನಮಗೇನು, ಎಲ್ಲರ ಟಿಪ್ಸೂ ಸೇರುವ ಡಬ್ಬಿಗೆ ಬಿದ್ದರೆ ಸಾಕು.

ಇನ್ನೊಬ್ಬರು ಸೂಪು ತಣ್ಣಗಿದೆ ಎಂದು ಇಡೀ ಹೋಟೆಲ್ಲು ತಿರುಗಿ ನೋಡುವ ಹಾಗೆ ನನ್ನನ್ನು ಬೈದರು. ನಾನು ಬಿಸಿಯಾಗಿಯೇ ತಂದಿದ್ದೆ. ಫೋನಿನಲ್ಲಿ ಮಾತಾಡುತ್ತ ಆರಿಸಿದವರು ಅವರೇ. ಊಟ ಮುಗಿಯುವ ಹೊತ್ತಿಗೆ ಅವರಿಗೂ ಅದು ಹೊಳೆದಿರಬೇಕು. ಬಿಲ್ಲಿನ ಅರ್ಧದಷ್ಟು ಟಿಪ್ಸ್ ಇಟ್ಟು, ನನ್ನ ಮುಖ ನೋಡದೆ ಸರಸರ ಹೋದರು. ನಮ್ಮ ಉದ್ದಣ್ಣ, "ನಾಳೇನೂ ಬಂದು ಬೈಲಿ ಅಂತ ಬೇಡ್ಕೊಳೋ" ಅಂದ. ಉದ್ದಣ್ಣ ನೆನಪಿದ್ದಾನಲ್ಲ, ನನ್ನ ಜೊತೆ ಅಷ್ಟೂ ವರ್ಷ ಟ್ರೇ ಹೊತ್ತವನು. ಬಾಗಿಲಿಗೆ ತಲೆ ಬಗ್ಗಿಸಿ ಬರುತ್ತಿದ್ದವನು.

ಆಸ್ಪತ್ರೆ ಕಡೆಯಿಂದ ಒಬ್ಬ ಹೆಂಗಸು ಮೂರು ವಾರ ದಿನಾ ಬರುತ್ತಿದ್ದರು. ಬ್ರೆಡ್ಡು, ಕಾಫಿ. ಬ್ರೆಡ್ಡು ಅರ್ಧವೂ ಖಾಲಿಯಾಗುತ್ತಿರಲಿಲ್ಲ. ನಾನು ಏನೂ ಕೇಳುತ್ತಿರಲಿಲ್ಲ, ಕಾಫಿ ಆರಿದರೆ ಹೇಳದೆ ಬದಲಾಯಿಸುತ್ತಿದ್ದೆ. ಕೊನೆಯ ದಿನ ಬಿಲ್ಲಿಗಿಂತ ದೊಡ್ಡ ನೋಟು ಇಟ್ಟರು. ನಾನು ಹಿಂದೆ ಓಡಿ, "ಅಮ್ಮಾ, ತಪ್ಪಿ ಇಟ್ಟಿದೀರಿ" ಅಂದೆ. "ಇಲ್ಲಪ್ಪ. ಈ ಮೂರು ವಾರದಲ್ಲಿ ನನ್ನನ್ನ ಏನೂ ಕೇಳದೇ ಇದ್ದವರು ನೀವೊಬ್ರೇ" ಅಂದರು. ಅವತ್ತು ಡಬ್ಬಿಗೆ ಅದನ್ನು ಹಾಕುವಾಗ ನನ್ನ ಕೈ ಸ್ವಲ್ಪ ತಡೆಯಿತು. ಹಾಕಿದೆ ಅನ್ನು.

ಆಮೇಲೆ ಎದುರಿನ ಬಟ್ಟೆ ಅಂಗಡಿಯ ಇಬ್ಬರು ಹುಡುಗಿಯರು. ಒಂದು ತಟ್ಟೆಯನ್ನು ಇಬ್ಬರು ಹಂಚಿಕೊಂಡು ತಿನ್ನುತ್ತಿದ್ದರು, ಆದರೆ ಒಂದು ದಿನವೂ ಒಂದು ನಾಣ್ಯ ಇಡದೆ ಎದ್ದವರಲ್ಲ. ಬೆಳಗಿಂದ ಸಂಜೆವರೆಗೆ ನಿಂತೇ ಇರುವವರು, ಕಾಲುನೋವು ಅಂದರೇನು ಎಂದು ಗೊತ್ತಿದ್ದವರು. ನನಗೆ ಆಗ ಅರ್ಥವಾಯಿತು. ಕೂತು ಉಣ್ಣುವವನಿಗೆ ಪಕ್ಕದಲ್ಲಿ ಒಬ್ಬ ನಿಂತಿದ್ದಾನೆ ಎಂಬ ಮುಜುಗರ ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಕೆಲವರು ಅದನ್ನು ಜಂಬದಿಂದ ಮುಚ್ಚುತ್ತಾರೆ, ಕೆಲವರು ಬೈದು ಮುಚ್ಚುತ್ತಾರೆ. ಉಳಿದವರಿಗೆ ಏನೋ ಹೇಳಬೇಕು ಅನ್ನಿಸುತ್ತದೆ, ಹೇಳಲು ಬಾಯಿ ಬರುವುದಿಲ್ಲ, ಸಾಸರಿನ ಕೆಳಗೆ ಇಟ್ಟು ಹೋಗುತ್ತಾರೆ.

ಆದ್ದರಿಂದ ಆ ಬೋರ್ಡು ಬೇಡ. ಸಂಬಳ ಕೈತುಂಬ ಕೊಡು, ಯಾರೂ ಗಿರಾಕಿಯ ಕೈ ನೋಡುತ್ತ ನಿಲ್ಲದ ಹಾಗೆ ಕೊಡು. ಆದರೆ ಏನೋ ಹೇಳಲು ಬಂದವರ ಬಾಯಿ ಮುಚ್ಚಿಸಬೇಡ. ಗಲ್ಲಾದ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇಡು, ಮುಚ್ಚಳದಲ್ಲಿ ಸೀಳು ಮಾಡಿಸು. ನಮ್ಮಲ್ಲಿದ್ದ ನಿಯಮಗಳು ನಿನಗೆ ಬಾಯಿಪಾಠವೇ: ಯಾರ ಮೇಜಿನದೇ ಆಗಲಿ ಡಬ್ಬಿಗೇ, ಶನಿವಾರ ಮಧ್ಯಾಹ್ನದ ಮೇಲೆ ಹಂಚಿಕೆ, ಪಾತ್ರೆ ತೊಳೆಯುವವಳಿಗೂ ಸಮಪಾಲು. ಗಿರಾಕಿ ಬಾಗಿಲು ದಾಟುವವರೆಗೆ ಸಾಸರು ಎತ್ತಿ ನೋಡಬಾರದು. ಮತ್ತೆ, ನಮ್ಮ ಮನೆಯವರು ಬಂದು ಕೂತ ಮೇಜಿಗೆ ನಾವೇ ತಟ್ಟೆ ತರಬಾರದು, ಜೊತೆಯವರನ್ನು ಕಳಿಸಿ ನಾವು ನಮ್ಮವರ ಎದುರು ಹತ್ತು ನಿಮಿಷ ಕೂರಬೇಕು. ನೀನು ಶಾಲೆ ಬಿಟ್ಟು ಬಂದರೆ ಉದ್ದಣ್ಣನೇ ಹಾಲು ತರುತ್ತಿದ್ದುದು ಅದಕ್ಕೇ. ಸೊಂಟ ಬಗ್ಗಿಸಿ, "ಮೇಡಂ, ಇವತ್ತು ಏನ್ ತಗೋತೀರಿ?" ಅನ್ನುತ್ತಿದ್ದ. ನೀನು ಮೂಗಿನಲ್ಲಿ ಹಾಲು ಬರುವ ಹಾಗೆ ನಗುತ್ತಿದ್ದೆ.

ಇನ್ನು ಮನೆಯ ಸುದ್ದಿ. ನಿಮ್ಮಮ್ಮ ಹದಿಮೂರು ದಿನ ಮೊದಲೇ ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಾಳೆ, ನಾನು ದಿನಾ ಎಡವುತ್ತಿದ್ದೇನೆ. ಪಕ್ಕದ ಮನೆಯ ಟೈಲರ್ ಅಜ್ಜ ನಿನ್ನ ಹೋಟೆಲ್ಲಿಗೆಂದು ಮೇಜಿನ ಬಟ್ಟೆ ಹೊಲಿದುಕೊಟ್ಟಿದ್ದಾನೆ, ಎಂಟಕ್ಕೆ ಒಂಬತ್ತು ಹೊಲಿದಿದ್ದಾನೆ, ಎಣಿಕೆ ಅವನಿಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ನಿಮ್ಮಮ್ಮ ಬರುವುದಂತೂ ಖಚಿತ. ನನ್ನದು ಮಂಡಿಯ ಮೇಲೆ ನಿಂತಿದೆ. ಐದು ತಾಸು ಬಸ್ಸಿನಲ್ಲಿ ಕೂರಲಾದೀತೋ ಇಲ್ಲವೋ, ಹೇಳಲಾರೆ.

ನಿನ್ನ ಒಲೆ ಆರದಿರಲಿ, ಎಂಟು ಮೇಜೂ ತುಂಬಿರಲಿ, ನಿನ್ನ ಕಾಲು ನೋಯದಿರಲಿ. ನೂರು ವರ್ಷ ಸುಖವಾಗಿ ಬಾಳು.

ಇಂತು ನಿನ್ನ
ಅಪ್ಪ

ತಾ.ಕ.: ಮೇಲಿನದನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಲಕೋಟೆಗೆ ಅಂಟು ಹಚ್ಚುವುದಷ್ಟೇ ಬಾಕಿ ಇತ್ತು. ಅವಳು, "ಮಂಡಿಯಂತೆ, ಮಂಡಿ! ಅವಳೇ ಬಂದು ತಪ್ಪಾಯ್ತು ಅನ್ಲಿ ಅಂತ ಕಾಯ್ತಿದೀರಿ, ಅಷ್ಟೇ. ಮಕ್ಕಳು ಅಂದ್ಮೇಲೆ ತಪ್ಪು ಮಾಡ್ತಾರೆ, ಬಿಟ್ಟಾಕ್ರೀ" ಅಂದಳು. ನನಗೆ ತಡೆಯಲಾಗಲಿಲ್ಲ, ಗುಬ್ಬಿ. ಹನ್ನೊಂದು ವರ್ಷದಿಂದ ಮುಚ್ಚಿಟ್ಟದ್ದನ್ನು ಅವಳಿಗೆ ಹೇಳಿಬಿಟ್ಟೆ. ಈಗ ನಿನಗೂ ಬರೆಯುತ್ತೇನೆ, ನಿನಗೆ ಗೊತ್ತಿರುವುದೇ ಆದರೂ.

ನೀನು ಮೊದಲ ಸಂಬಳ ತೆಗೆದುಕೊಂಡು ಐದು ಜನರ ಜೊತೆ ಕಿಟಕಿಯ ಮೇಜಿಗೆ ಬಂದೆ. ನನ್ನನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದೆ. ಬಾಯಲ್ಲಿ 'ಅಪ್ಪಾ' ಇತ್ತು, ನನಗೆ ಕಂಡಿತು. ಉದ್ದಣ್ಣ ಹಿಂದಿನಿಂದ ಬಂದು, "ಟ್ರೇ ಕೊಡೋ, ನೀನ್ ಹೋಗಿ ಮಗಳ ಹತ್ರ ಕೂತ್ಕೊ" ಅಂದ. ನಾನು ಕೊಡಲಿಲ್ಲ. ಇಸ್ತ್ರಿ ಬಟ್ಟೆಯ ಆ ಹುಡುಗರು, ನನ್ನ ಕೋಟಿನ ಮೇಲೆ ಸಾರಿನ ಕಲೆ. ನಿನ್ನ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡೆ. ನೀನು ಬಾಯಿ ತೆರೆಯುವ ಮೊದಲೇ ಮೆನು ನಿನ್ನ ಕೈಗಿಟ್ಟು, "ಏನು ಕೊಡ್ಲಿ, ಮೇಡಂ?" ಅಂದೆ. ನೀನು ಮೊದಲು ನಕ್ಕೆ. ಹಳೆಯ ಆಟ ಎಂದುಕೊಂಡೆಯೇನೋ. ನಾನು ನಗಲಿಲ್ಲ. ಆಗ ನೀನು ಮೆಲ್ಲಗೆ ಕೂತೆ.

ಆ ಸಂಜೆ ನಿಮ್ಮಮ್ಮ ಮುಖ ನೋಡಿ ಏನಾಯಿತು ಎಂದು ಕೇಳಿದಾಗ, "ಮಗಳು ಗುರುತು ಹಿಡೀಲಿಲ್ಲ" ಎಂದು ನಾನೇ ಹೇಳಿದ್ದು. ಅವಳು ನಿನ್ನನ್ನು ನನ್ನೆದುರೇ ಬಾಯಿಗೆ ಬಂದ ಹಾಗೆ ಬೈದಳು. ನೀನು ತಲೆ ತಗ್ಗಿಸಿ ತಟ್ಟೆ ನೋಡುತ್ತ ಕೂತಿದ್ದೆ. ನಡೆದದ್ದು ಹೀಗಲ್ಲ ಎಂದು ಒಂದು ಮಾತು ಆಡಲಿಲ್ಲ. ನನ್ನನ್ನು ಬಿಟ್ಟುಕೊಡಲಿಲ್ಲ. ಮುಂದಿನ ತಿಂಗಳು ಬೇರೆ ಊರಿಗೆ ವರ್ಗ ಕೇಳಿಕೊಂಡು ಹೋದೆ. ನಾನು ಅದೇ ಸುಳ್ಳನ್ನು ಹೇಳಿ ಹೇಳಿ, ಕೊನೆಗೆ ನಾನೇ ನಂಬಿಬಿಟ್ಟೆ.

ನಿನ್ನ ಕಾಗದ ಬಂದ ಮೇಲೆ ನಂಬಲಾಗಲಿಲ್ಲ. ಅಪ್ಪನ ಕೆಲಸಕ್ಕೆ ನಾಚಿದವಳು ಹೋಟೆಲ್ಲು ಯಾಕೆ ತೆರೆಯುತ್ತಾಳೆ? ಊರ ತುಂಬ ಹೋಟೆಲ್ಲುಗಳಿರುವಾಗ ಮೊದಲ ಸಂಬಳದ ಊಟಕ್ಕೆ ಗೆಳೆಯರನ್ನು ನನ್ನ ಹೋಟೆಲ್ಲಿಗೇ ಯಾಕೆ ಕರೆತರುತ್ತಾಳೆ? ನಾಚಿದವನು ನಾನು, ಮಗಳೇ. ತಪ್ಪು ನನ್ನದು.

ಅವತ್ತು ನಿನ್ನ ಸಾಸರಿನ ಕೆಳಗೆ ನಾಲ್ಕು ಮಡಿಕೆಯ ಒಂದು ನೋಟು ಇತ್ತು. ಮೂವತ್ತೆರಡು ವರ್ಷದಲ್ಲಿ ನಾನು ಡಬ್ಬಿಗೆ ಹಾಕದ ನೋಟು ಅದೊಂದೇ. ಹಳೆಯ ಕೋಟಿನ ಜೇಬಿನಲ್ಲಿ ಹಾಗೇ ಇದೆ. ಆ ಬಗೆಯ ನೋಟು ಈಗ ನಡೆಯುವುದಿಲ್ಲವಂತೆ. ಎಲ್ಲರ ಟಿಪ್ಸಿಗೂ ಅರ್ಥ ಹೇಳಿದೆನಲ್ಲ, ಅದೊಂದಕ್ಕೆ ನನಗೆ ಗೊತ್ತಿಲ್ಲ. ಕೋಪಕ್ಕೆ ಇಟ್ಟೆಯೋ, ನಿಂತೇ ಇದ್ದ ಅಪ್ಪನನ್ನು ನೋಡಲಾರದೆ ಇಟ್ಟೆಯೋ, ನೀನೇ ಹೇಳಬೇಕು.

ನಿಮ್ಮಮ್ಮ ಎಲ್ಲ ಕೇಳಿ ಎದ್ದು ಅಡುಗೆಮನೆಗೆ ಹೋದಳು. ಆಮೇಲೆ ಬಾಗಿಲಲ್ಲಿ ನಿಂತು, "ಮೊದ್ಲು ಅವಳಿಗೆ ಬರೀರಿ. ಆಮೇಲೆ ನನ್ನ ಹತ್ರ ಮಾತಾಡಿ" ಅಂದಳು. ಬರೆದಿದ್ದೇನೆ.

ಮಂಡಿ ಏನಾದರೂ ಆಗಲಿ, ಹದಿನಾರಕ್ಕೆ ಬರುತ್ತೇನೆ. ಕಿಟಕಿಯ ಮೇಜೇ ಬೇಕೆಂದಿಲ್ಲ, ಯಾವುದಾದರೂ ಸರಿ. ಆದರೆ ನಮ್ಮ ನಿಯಮ ಮುರಿಯಬೇಡ, ಗುಬ್ಬಿ. ನನ್ನ ಮೇಜಿಗೆ ತಟ್ಟೆ ತರಲು ಬೇರೆ ಯಾರನ್ನಾದರೂ ಕಳಿಸು. ನೀನು ಬಂದು ನನ್ನ ಎದುರು ಕೂತುಕೋ.