ದೊಡ್ಡಪ್ಪನ ಮೇಲ್ಮನಿ

ನಾಗಪುರ, ಡಿಸೆಂಬರ್ ೧೯೮೩

ದೊಡ್ಡಪ್ಪಾರಿಗೆ ಶಾರವ್ವನ ಶರಣು. ಥಂಡಿ ಬಿತ್ತಂದ್ರ ಮುಂಬೈ ಸರ್ಕಾರ ಗಂಟುಮೂಟಿ ಕಟ್ಟಿಕೊಂಡು ಅಧಿವೇಶನಕ್ಕ ಇಲ್ಲಿಗೆ ಬರತೈತಿ. ನಮ್ಮನಿಯವರ ಸಾಹೇಬರು ಪಾಸ್ ಕೊಡಿಸಿದ್ರು, ನಿನ್ನೆ ಮೇಲ್ಮನಿ ನೋಡಿಬಂದೆ. ಗ್ಯಾಲರಿಯೊಳಗ ಸ್ವೆಟರ್ ಹೆಣಿಯಂಗಿಲ್ಲಂತ, ಬಾಗಲದಾಗ ಸೂಜಿ ಇಸಕೊಂಡ್ರು.

ಒಳಗ ಬರೋಬರ್ ನಮ್ಮನಿ ನೋಡ್ರಿ! ಎದುರಿನವರನ್ನ ಬೈಬೇಕಂದ್ರೂ ಅವರ ಮಾರಿ ನೋಡಿ ಬೈಯಂಗಿಲ್ಲ. ಸಭಾಪತಿ ಕಡೆ ತಿರುಗಿ, "ಸಭಾಪತಿ ಮಹೋದಯ, ಮಾನ್ಯ ಸದಸ್ಯರಿಗೆ ತಿಳುವಳಿಕಿ ಕಮ್ಮಿ" ಅನಬೇಕು. ನಮ್ಮವ್ವ ನಿಮ್ಮ ಜೋಡಿ ಎದುರಾಎದುರು ಮಾತಾಡಬಾರದಂತ ಎಲ್ಲಾ ಮಾತು ಪಡಸಾಲಿ ಕಂಬಕ್ಕ ಹೇಳತಾಳಲ್ಲ, ಹಂಗ.

ಇನ್ನೊಂದು ಕಾಯ್ದೆ ಕೇಳ್ರಿ. ಕೆಳಮನಿ ಪಾಸ್ ಮಾಡಿದ್ದನ್ನ ಮೇಲ್ಮನಿ ಹಿರಿಯರು ಮೂರು ತಿಂಗಳು ತಡೀಬಹುದು. ಕೆಳಗಿನವರು ಮತ್ತೊಮ್ಮೆ ಹೂಂ ಅಂದ್ರ ಇನ್ನೊಂದು ತಿಂಗಳು, ಅಷ್ಟ. ಆಮೇಲೆ ಹಿರಿಯರು ಒಪ್ಪಲಿ ಬಿಡಲಿ, ಕೆಲಸ ನಡೀತೈತಿ.

ತಂಗಿ ನೀಲಾ ನರ್ಸ್ ಕಲೀಲಿ ಅಂತ ಅಡಿಗಿಮನಿ ಮಂದಿ ಪಂಚಮಿಗೇ ಪಾಸ್ ಮಾಡಿದ್ರು. ನೀವು "ನೋಡೋಣು" ಅಂತ ಎಲಿಅಡಿಕಿ ಜಗಕೋತ ಕುಂತ್ರಿ. ದೀಪಾವಳಿಗೆ ಮತ್ತೊಮ್ಮೆ ಕೇಳಿದ್ರು, ಮತ್ತ "ನೋಡೋಣು". ನಿಮ್ಮ ಮುದ್ದತ್ತು ಮುಗದೈತ್ರಿ.

ಅವ್ವ ಕಂಬಕ್ಕ ಹೇಳಿದಂಗ ನೀಲಾ ಧಾರವಾಡದ ಸೋದರತ್ತಿ ಮನಿಗೆ ಹೋಗಿಲ್ಲ. ಮುಂಜಾನಿ ರೈಲಿಗೆ ಇಲ್ಲಿಗೆ ಬಂದಾಳ, ಆರಾಮ ಅದಾಳ. ಬಿಸಲಾಗ ಕುಂತು ಸಂತ್ರಾ ಹಣ್ಣು ಸುಲಕೊಂಡು ತಿನ್ನಾಕತ್ತಾಳ. ಜನವರಿಗೆ ಕ್ಲಾಸು ಶುರು.

ಮೊಣಕಾಲಿಗೆ ಎಣ್ಣಿ ತಿಕ್ಕೋರಿ. ಕಾರ್ಡಿನ್ಯಾಗ ಜಾಗ ಮುಗೀತು. ಅವ್ವನ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಬೈಯಲೇಬೇಕಂದ್ರ ಆ ಕಂಬಕ್ಕ ಬೈರಿ.

ಶಾರವ್ವ